ಕಣ್ಣಾರೆ ಕಂಡ ಮುಖ

2024ರ ಕಾರ್ತಿಕ ಮಾಸದ ಒಂದು ಸಂಜೆ ಮನೆಯ ಮುಂದಿನ ಕಟ್ಟೆಯ ಮೇಲೆ ಪತ್ರಿಕೆ ಹಿಡಿದು ಕುಳಿತಿದ್ದೆ. ಗೇಟಿನ ಹೊರಗೆ ಬೈಕೊಂದು ನಿಂತಿತು. ಇಳಿದು ಬಂದವರು ಐವತ್ತರ ಅಂಚಿನ ಗೃಹಸ್ಥರು. ತಲೆ ಅರ್ಧ ನರೆತಿತ್ತು, ಹೊಟ್ಟೆ ಕೊಂಚ ಮುಂದೆ ಬಂದಿತ್ತು. ಚಪ್ಪಲಿ ಕಳಚಿ ಮೆಟ್ಟಿಲ ಬಳಿ ನಿಂತು "ಗುರ್ತು ಸಿಕ್ತಾ ಸಾರ್?" ಎಂದರು.

ಸಿಕ್ಕಿತ್ತು. ಮುಖವೆತ್ತಿ ನೋಡಿದ ಮರುಕ್ಷಣವೇ ಸಿಕ್ಕಿತ್ತು. ಎಂಟನೆಯ ತರಗತಿ, ಕಿಟಕಿ ಪಕ್ಕದ ಮೂರನೆಯ ಸಾಲು, ಕುರಿ ಸಾಕುತ್ತಿದ್ದ ತಂದೆ, ಲೆಕ್ಕದಲ್ಲಿ ಚುರುಕು, ಕಾಗುಣಿತದಲ್ಲಿ ದಡ್ಡ, ಎಲ್ಲವೂ ಸಾಲುಗಟ್ಟಿ ಬಂದು ನಿಂತವು. ಹೆಸರೊಂದು ಮಾತ್ರ ಬರಲಿಲ್ಲ. "ಬಾರಪ್ಪಾ, ಕೂತ್ಕೋ" ಎಂದು ಹೆಸರಿಲ್ಲದೆಯೇ ಕರೆದೆ. ಹೆಸರು ಬಾರದಿದ್ದರೂ ಆ ಹುಡುಗನಿಗೆ ನಾನು ಮಾಡಿದ್ದ ಅನ್ಯಾಯವು ಅವನ ಮುಖದ ಜೊತೆಯಲ್ಲಿಯೇ ನೆನಪಿಗೆ ಬಂದಿತ್ತು.

ಈ ಪುಟಗಳನ್ನು ಓದುವ ನನ್ನ ಶಿಷ್ಯರಲ್ಲಿ ಕೆಲವರಿಗೆ ಆ ಸಂಗತಿ ಗೊತ್ತಿರಬಹುದು. ಗೊತ್ತಿಲ್ಲದವರಿಗಾಗಿ ಹೇಳುತ್ತೇನೆ.

1986ರ ಜೂನ್ ತಿಂಗಳಲ್ಲಿ ನಾನು ಮಾಯಕೊಂಡದ ಕಡೆಯ ಶಾಲೆಯೊಂದಕ್ಕೆ ವರ್ಗವಾಗಿ ಬಂದೆ. ಆಗ ನಾವಿನ್ನೂ ಚಿತ್ರದುರ್ಗ ಜಿಲ್ಲೆಯವರು. ದಾವಣಗೆರೆ ಜಿಲ್ಲೆಯಾದದ್ದು 1997ರಲ್ಲಿ. ಬಂದು ಮೂರು ವಾರವಾಗಿತ್ತು. ಒಂದು ಸಂಜೆ ಗಂಟೆ ಹೊಡೆದು ಮಕ್ಕಳೆಲ್ಲ ಹೋದ ಮೇಲೆ, ವಿಜ್ಞಾನದ ಬೀರು ಇದ್ದ ಕೊಠಡಿಯಿಂದ ಹುಡುಗನೊಬ್ಬ ಹೊರಬಂದದ್ದನ್ನು ಜಗುಲಿಯ ಆ ತುದಿಯಿಂದ ಕಂಡೆ. ಅವನು ಒಮ್ಮೆ ಹಿಂದಿರುಗಿ ನೋಡಿ, ರೈಲ್ವೆ ಹಳಿಯ ಕಡೆಗೆ ಓಡಿದ. ಬೀರು ತೆರೆದು ನೋಡಿದರೆ ಎರಡು ಭೂತಗನ್ನಡಿಗಳಲ್ಲಿ ಒಂದು ಇರಲಿಲ್ಲ. ಮರುದಿನ ಪ್ರಾರ್ಥನೆಯ ವೇಳೆ ಸಾಲುಗಳ ಮಧ್ಯೆ ನಡೆಯುತ್ತ ಹೋಗಿ ಒಬ್ಬ ಹುಡುಗನ ಭುಜ ಹಿಡಿದು ಹೊರಗೆಳೆದೆ. "ನಾನಲ್ಲ ಸಾರ್" ಎಂದ. "ನಾನು ಕಣ್ಣಾರೆ ಕಂಡಿದ್ದೇನೆ" ಎಂದೆ. ಮೇಷ್ಟರು ಕಣ್ಣಾರೆ ಕಂಡ ಮೇಲೆ ಮತ್ತಾರ ಸಾಕ್ಷಿ ಬೇಕು? ಇಡೀ ಶಾಲೆಯ ಎದುರಿಗೆ ಬೆತ್ತದಿಂದ ಹೊಡೆದೆ. ಎಷ್ಟು ಪೆಟ್ಟು ಎಂದು ಇಲ್ಲಿ ಬರೆಯಲಾರೆ.

ಆ ಹುಡುಗ ಮರುದಿನದಿಂದ ಶಾಲೆಗೆ ಬರಲಿಲ್ಲ. ತಂದೆಯ ಕುರಿಯ ಹಿಂದೆ ಹೋದನೆಂದು ಸುದ್ದಿ ಬಂತು. ದೀಪಾವಳಿಯ ಹೊತ್ತಿಗೆ, ಬಯಲಿನಲ್ಲಿ ಒಣಹುಲ್ಲಿಗೆ ಬಿಸಿಲು ಹಿಡಿದು ಬೆಂಕಿ ಹೊತ್ತಿಸುತ್ತಿದ್ದ ಬೇರೊಬ್ಬ ಹುಡುಗನ ಕೈಯಲ್ಲಿ ನಮ್ಮ ಭೂತಗನ್ನಡಿ ಸಿಕ್ಕಿತು. ಅಷ್ಟರಲ್ಲಿ ನನಗೆ ಶಾಲೆಯ ಪ್ರತಿಯೊಂದು ಮುಖವೂ ಬೆನ್ನ ಹಿಂದಿನಿಂದಲೂ ಗುರುತಾಗುವಷ್ಟು ಪರಿಚಯವಾಗಿತ್ತು. ಈ ಹುಡುಗನನ್ನು ಎದುರಿಗೆ ನಿಲ್ಲಿಸಿಕೊಂಡು ನೋಡಿದೆ. ಆ ಹುಡುಗನ ಮುಖವನ್ನು ಮನಸ್ಸಿನಲ್ಲಿ ಪಕ್ಕಕ್ಕಿಟ್ಟುಕೊಂಡೆ. ಇವನದು ಉದ್ದ ಮುಖ, ಅವನದು ದುಂಡು. ಇವನ ಹುಬ್ಬು ಕೂಡಿತ್ತು, ಅವನದು ತೆಳುವಾಗಿತ್ತು. ಬಣ್ಣ ಮತ್ತು ಕ್ಷೌರದ ರೀತಿಯನ್ನು ಬಿಟ್ಟರೆ ಇಬ್ಬರಿಗೂ ಹೋಲಿಕೆಯೆಂಬುದೇ ಇರಲಿಲ್ಲ. ಜೂನ್ ತಿಂಗಳಿನಲ್ಲಿ ಇವರಿಬ್ಬರನ್ನು ನಾನು ಒಬ್ಬನೆಂದು ತಿಳಿದದ್ದಾದರೂ ಹೇಗೆ? ಆ ದಿನ ನನ್ನ ಕಣ್ಣಿಗೇನಾಗಿತ್ತು?

ತಪ್ಪನ್ನು ಮುಖ್ಯೋಪಾಧ್ಯಾಯರಲ್ಲಿ ಒಪ್ಪಿಕೊಂಡೆ. ಆ ಹುಡುಗನಲ್ಲಿ ಒಪ್ಪಿಕೊಳ್ಳಲಿಲ್ಲ. ಮೇಷ್ಟರು ಹುಡುಗನ ಮುಂದೆ ತಲೆ ತಗ್ಗಿಸುವ ಕಾಲವಾಗಿರಲಿಲ್ಲ ಅದು, ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆದರೆ ಆ ಪ್ರಶ್ನೆ ಬಿಡಲಿಲ್ಲ. ನಿವೃತ್ತಿಯ ನಂತರ ಕೈಗೆ ಸಿಕ್ಕ ಮನೋವಿಜ್ಞಾನದ ಪುಸ್ತಕ, ಲೇಖನಗಳನ್ನು ಓದುತ್ತ ಹೋದಾಗ, ನನ್ನದೇ ಪ್ರಶ್ನೆಯನ್ನು ಕೇಳಿಕೊಂಡು ಜೀವಮಾನವನ್ನೇ ಅದಕ್ಕೆ ಮುಡಿಪಿಟ್ಟ ವಿದ್ವಾಂಸರಿದ್ದಾರೆಂದು ತಿಳಿಯಿತು. ಮುಖವನ್ನು ನಾವು ಹೇಗೆ ಗುರುತಿಸುತ್ತೇವೆಂಬ ಆ ವಿದ್ಯೆಯ ಚರಿತ್ರೆಯನ್ನು, ನಮ್ಮ ನಾಡಿಗೆ ತಾಗಿದಷ್ಟು ಭಾಗಕ್ಕೆ ಒತ್ತು ಕೊಟ್ಟು, ಇಲ್ಲಿ ಹೇಳಬೇಕೆಂದಿದ್ದೇನೆ.

ಮುಖದ ಬಗೆಗೆ ವಿಜ್ಞಾನಕ್ಕೆ ಮೊದಲು ಹುಟ್ಟಿದ ಆಸಕ್ತಿ ಅಳತೆಯದು. ಇಂಗ್ಲೆಂಡಿನ ಫ್ರಾನ್ಸಿಸ್ ಗಾಲ್ಟನ್ ಹತ್ತೊಂಬತ್ತನೆಯ ಶತಮಾನದ ಕೊನೆಯ ದಶಕಗಳಲ್ಲಿ ಅಪರಾಧಿಗಳ ಭಾವಚಿತ್ರಗಳನ್ನು ಒಂದರ ಮೇಲೊಂದು ಮೂಡಿಸಿ, 'ಅಪರಾಧಿಯ ಮುಖ'ವೆಂಬುದೊಂದು ಸಿಕ್ಕೀತೇ ಎಂದು ಹುಡುಕಿದ. ಸಿಕ್ಕಿದ್ದು ಬಿಡಿಬಿಡಿ ಮುಖಗಳಿಗಿಂತಲೂ ಲಕ್ಷಣವಾದ, ಸಭ್ಯನಂತೆ ಕಾಣುವ ಒಂದು ಮುಖ! ನಮ್ಮಲ್ಲಿ ಹರ್ಬರ್ಟ್ ರಿಸ್ಲಿ ಎಂಬ ಅಧಿಕಾರಿ ಮೂಗಿನ ಅಗಲ ಉದ್ದಗಳ ಲೆಕ್ಕದಿಂದ ಜಾತಿಗಳ ಮೇಲು ಕೀಳನ್ನು ಹೇಳಹೊರಟ. ಮದರಾಸಿನ ವಸ್ತುಸಂಗ್ರಹಾಲಯದ ಎಡ್ಗರ್ ಥರ್ಸ್ಟನ್ ಅಳತೆಯ ಇಕ್ಕಳವನ್ನು ಹಿಡಿದು ದಕ್ಷಿಣ ಭಾರತವನ್ನೆಲ್ಲ ಸುತ್ತಿದ. ಅವನ ಏಳು ಸಂಪುಟಗಳು 1909ರಲ್ಲಿ ಹೊರಬಂದವು. 'ಮುಖ ನೋಡಿ ಮಣೆ ಹಾಕು' ಎಂಬ ನಮ್ಮ ಗಾದೆಗೆ ಇವರು ಅಂಕಿಸಂಖ್ಯೆಯ ಅಂಗಿ ತೊಡಿಸಿದರು, ಅಷ್ಟೆ. ಇವರೆಲ್ಲರೂ ಕೇಳಿದ್ದು 'ಎದುರಿನ ಮುಖದಲ್ಲಿ ಏನಿದೆ' ಎಂದು. ನೋಡುವವನ ಕಣ್ಣಿನಲ್ಲಿ, ಮಿದುಳಿನಲ್ಲಿ ಏನು ನಡೆಯುತ್ತದೆ ಎಂಬ ಪ್ರಶ್ನೆ ಇವರಿಗೆ ಹೊಳೆಯಲಿಲ್ಲ.

ಆ ಎರಡನೆಯ ಬಗೆಯ ಪ್ರಶ್ನೆಯನ್ನು ಕೇಳುವ ವಿದ್ಯೆ ಪ್ರಾಯೋಗಿಕ ಮನೋವಿಜ್ಞಾನ. ಜರ್ಮನಿಯ ಲೈಪ್‌ಜಿಗ್‌ನಲ್ಲಿ ವಿಲ್ಹೆಲ್ಮ್ ವುಂಟ್ 1879ರಲ್ಲಿ ಸ್ಥಾಪಿಸಿದ ಪ್ರಯೋಗಾಲಯ ಅದರ ತವರು. ಅದು ಮೈಸೂರಿಗೆ ಬಂದ ದಾರಿ ಸ್ವಾರಸ್ಯವಾಗಿದೆ. ಮೈಸೂರು ವಿಶ್ವವಿದ್ಯಾನಿಲಯ 1916ರಲ್ಲಿ ಆರಂಭವಾದಾಗ ಮೊದಲ ಕುಲಪತಿಗಳಾದವರು ಎಚ್.ವಿ. ನಂಜುಂಡಯ್ಯನವರು. ಸಂಸ್ಥಾನದ ಜಾತಿ ಬುಡಕಟ್ಟುಗಳ ಸಮೀಕ್ಷೆಯನ್ನು ನಡೆಸಿದವರೂ ಅವರೇ. ಅವರ ನಂತರ ಬಂದವರು ಬಂಗಾಳದ ದಾರ್ಶನಿಕ ಬ್ರಜೇಂದ್ರನಾಥ ಸೀಲರು. ಕಲ್ಕತ್ತೆಯಲ್ಲಿ ಪ್ರಾಯೋಗಿಕ ಮನೋವಿಜ್ಞಾನಕ್ಕೆ ಪಠ್ಯಕ್ರಮವನ್ನು ಮೊದಲು ರೂಪಿಸಿದವರು ಇವರು. ಇವರ ಕಾಲದಲ್ಲಿ, 1924ರಲ್ಲಿ, ಮೈಸೂರಿನಲ್ಲಿ ಮನೋವಿಜ್ಞಾನ ವಿಭಾಗ ತೆರೆಯಿತು. ಕಲ್ಕತ್ತೆಯದನ್ನು ಬಿಟ್ಟರೆ ದೇಶದಲ್ಲಿ ಇದೇ ಮೊದಲನೆಯದು. ಅದರ ಹೊಣೆ ಹೊತ್ತವರು ಎಂ.ವಿ. ಗೋಪಾಲಸ್ವಾಮಿಯವರು.

ಗೋಪಾಲಸ್ವಾಮಿಯವರ ಹೆಸರು ನಮ್ಮ ಜನಕ್ಕೆ ಗೊತ್ತಿರುವುದು ಆಕಾಶವಾಣಿಯಿಂದ. 1935ರಲ್ಲಿ ಮೈಸೂರಿನ ತಮ್ಮ ಮನೆಯಲ್ಲಿಯೇ ಬಾನುಲಿ ಕೇಂದ್ರವನ್ನು ಹೂಡಿದ ಸಾಹಸಿಗಳು ಅವರು. ಆದರೆ ವೃತ್ತಿಯಿಂದ ಅವರು ಮನೋವಿಜ್ಞಾನಿ. ಲಂಡನ್ನಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ನರ ಬಳಿ ಸಂಶೋಧನೆ ಮಾಡಿ ಬಂದವರು; ಕೈಯ ಚಲನೆಗಳನ್ನು ಕಲಿಯುವಾಗ ಬುದ್ಧಿಯ ಪಾತ್ರವೇನು ಎಂಬ ಅವರ ಲೇಖನ 1924ರಲ್ಲಿಯೇ 'ಬ್ರಿಟಿಷ್ ಜರ್ನಲ್ ಆಫ್ ಸೈಕಾಲಜಿ'ಯಲ್ಲಿ ಅಚ್ಚಾಗಿತ್ತು. ಆ ಪತ್ರಿಕೆಯ ಹೆಸರನ್ನು ನೆನಪಿನಲ್ಲಿಡಿ, ಮುಂದೆ ಮತ್ತೆ ಬರುತ್ತದೆ. ಸ್ಪಿಯರ್‌ಮನ್ನರ ಪರಂಪರೆಯದು ಮುಖ್ಯವಾಗಿ ಬುದ್ಧಿಶಕ್ತಿಯ ಅಳತೆ. ನಾವು ಬಿ.ಎಡ್. ಓದುವಾಗ ಉರು ಹೊಡೆದ ಮನೋವಿಜ್ಞಾನವೂ ಅದೇ: ಬಿನೆಯ ಬುದ್ಧಿಪರೀಕ್ಷೆ, ಥಾರ್ನ್‌ಡೈಕನ ಬೆಕ್ಕು, ಪಾವ್‌ಲೋವನ ನಾಯಿ. ನಾಯಿ ಜೊಲ್ಲು ಸುರಿಸಿದ್ದನ್ನು ಹತ್ತು ಅಂಕಕ್ಕೆ ಬರೆದ ನಮಗೆ, ನಲವತ್ತೈದು ಹೊಸ ಮುಖಗಳ ಮುಂದೆ ನಿಂತಾಗ ಮೇಷ್ಟರ ಕಣ್ಣು ಹೇಗೆ ಮೋಸಹೋಗುತ್ತದೆಂದು ಯಾರೂ ಹೇಳಿಕೊಡಲಿಲ್ಲ.

ಹೇಳಿಕೊಡಬಹುದಾಗಿತ್ತು ಎಂಬುದೇ ನನ್ನ ಸಂಕಟ. ಏಕೆಂದರೆ ಕಲ್ಕತ್ತೆಯ ವಿಭಾಗವನ್ನು 1916ರಿಂದ ಕಟ್ಟಿದ ಎನ್.ಎನ್. ಸೇನ್‌ಗುಪ್ತರು ಹಾರ್ವರ್ಡ್‌ನಲ್ಲಿ ಹ್ಯೂಗೋ ಮ್ಯೂನ್‌ಸ್ಟರ್‌ಬರ್ಗ್ ಎಂಬ ಪ್ರಾಧ್ಯಾಪಕರ ಶಿಷ್ಯರು. ಈ ಮ್ಯೂನ್‌ಸ್ಟರ್‌ಬರ್ಗ್ 1908ರಲ್ಲಿಯೇ ನ್ಯಾಯಾಲಯದ ಸಾಕ್ಷಿಗಳ ನೆನಪು ಎಷ್ಟು ದುರ್ಬಲ ಎಂಬುದರ ಬಗ್ಗೆ ಒಂದು ಪುಸ್ತಕವನ್ನೇ ಬರೆದಿದ್ದರು. ಅದರಲ್ಲಿ ಅವರು ಕೊಡುವ ಮೊದಲ ಉದಾಹರಣೆಗಳಲ್ಲಿ ಒಂದು ಅವರದೇ. ಅವರ ಮನೆಗೆ ಕಳ್ಳರು ನುಗ್ಗಿದ್ದರು. ತಾವು ಕಂಡದ್ದನ್ನು ಪ್ರಮಾಣ ಮಾಡಿ ಹೇಳಿದರು: ಕಳ್ಳರು ನೆಲಮನೆಯ ಕಿಟಕಿಯಿಂದ ಬಂದಿದ್ದಾರೆ, ಗಡಿಯಾರವನ್ನು ಕಾಗದದಲ್ಲಿ ಸುತ್ತಿಟ್ಟಿದ್ದಾರೆ ಎಂದು. ಆಮೇಲೆ ನೋಡಿದರೆ ಕಳ್ಳರು ಬಾಗಿಲ ಬೀಗ ಒಡೆದು ಬಂದಿದ್ದರು, ಗಡಿಯಾರವನ್ನು ಸುತ್ತಿದ್ದು ಮೇಜಿನ ಬಟ್ಟೆಯಲ್ಲಿ. ನೆನಪಿನ ವಿಷಯದಲ್ಲಿಯೇ ಪಾಂಡಿತ್ಯವಿದ್ದ ಮನುಷ್ಯನ ಪಾಡು ಇದು. ಆ ಪುಸ್ತಕವನ್ನು ಅಂದಿನ ವಕೀಲರು ಗೇಲಿ ಮಾಡಿದರು.

ಗೇಲಿ ನಿಂತು ಗಂಭೀರವಾದದ್ದು ಅರವತ್ತೇಳೆಂಟು ವರ್ಷಗಳ ನಂತರ, ಇಂಗ್ಲೆಂಡಿನಲ್ಲಿ. ಲ್ಯೂಕ್ ಡೌಗರ್ಟಿ ಎಂಬಾತ ಅಂಗಡಿಯೊಂದರಿಂದ ಪರದೆಯ ಬಟ್ಟೆ ಕದ್ದನೆಂದು ಇಬ್ಬರು ಸಾಕ್ಷಿಗಳು ಗುರುತಿಸಿದರು. ಕಳ್ಳತನವಾದ ಹೊತ್ತಿನಲ್ಲಿ ಆತ ಒಂದು ಬಸ್ಸಿನ ತುಂಬ ಜನರೊಡನೆ ಪ್ರವಾಸದಲ್ಲಿದ್ದ! ಆದರೂ 1973ರಲ್ಲಿ ಶಿಕ್ಷೆಯಾಯಿತು, ಮರುವರ್ಷ ರದ್ದಾಯಿತು. ಅದೇ ಸುಮಾರಿಗೆ ಲಾಸ್ಲೋ ವಿರಾಗ್ ಎಂಬ ಇನ್ನೊಬ್ಬ ನಿರಪರಾಧಿಯೂ ಹಲವು ವರ್ಷ ಸೆರೆಯಲ್ಲಿದ್ದು ಬಿಡುಗಡೆಯಾದ. ಅವನನ್ನು ಗುರುತಿಸಿದವರಲ್ಲಿ ಪೊಲೀಸರೂ ಇದ್ದರು. ಇದರಿಂದ ಕಳವಳಗೊಂಡ ಸರ್ಕಾರ ಲಾರ್ಡ್ ಡೆವ್ಲಿನ್ನರ ಅಧ್ಯಕ್ಷತೆಯಲ್ಲಿ ಸಮಿತಿಯನ್ನು ನೇಮಿಸಿತು. ಬರಿಯ ಕಣ್ಸಾಕ್ಷಿಯ ಗುರುತಿಸುವಿಕೆಯನ್ನೇ ನಂಬಿ, ಅಸಾಧಾರಣ ಸಂದರ್ಭಗಳನ್ನು ಬಿಟ್ಟು, ಯಾರನ್ನೂ ಅಪರಾಧಿಯೆನ್ನಬಾರದು ಎಂದು 1976ರಲ್ಲಿ ಆ ಸಮಿತಿ ಹೇಳಿತು. ನಮ್ಮ ಹಿರಿಯರು ಇದನ್ನೇ 'ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು' ಎಂದು ಎಂದೋ ಹೇಳಿಟ್ಟಿದ್ದರು. ನಾನೇ ಅದನ್ನು ಎಷ್ಟು ಸಲ ಗಾದೆ ವಿಸ್ತರಿಸಿ ಬರೆಯಿರೆಂದು ಕೊಟ್ಟಿದ್ದೇನೋ!

ಇದೇ ಕಾಲದಲ್ಲಿ ಕೇಂಬ್ರಿಜ್‌ನಲ್ಲಿ ವಿಕಿ ಬ್ರೂಸ್ ಎಂಬ ತರುಣಿ, ನೆನಪಿನ ಬಗೆಗೆ ಹೆಸರಾಂತ ವಿದ್ವಾಂಸರಾದ ಅಲನ್ ಬ್ಯಾಡ್ಲಿಯವರ ಮಾರ್ಗದರ್ಶನದಲ್ಲಿ ಡಾಕ್ಟರೇಟ್ ಪದವಿಗೆ ಮುಖಗಳನ್ನೇ ವಿಷಯವಾಗಿ ಆರಿಸಿಕೊಂಡಳು. ಆಗ ಅಕ್ಷರ, ಪದ, ಅಂಕಿಗಳ ಮೇಲೆ ಪ್ರಯೋಗ ನಡೆಸುವುದೇ ರೂಢಿ. ಮುಖವೆಂಬುದು ಅಳತೆಗೆ ಸಿಗದ ವಸ್ತುವೆಂದು ಬಹಳ ಜನ ದೂರವಿದ್ದರು. ಬ್ಯಾಡ್ಲಿಯವರ ಗುಂಪು ಮುಖ ಗುರುತಿಸುವುದನ್ನು ಕಲಿಸುವ ಮೂರು ದಿನಗಳ ತರಬೇತಿಯೊಂದನ್ನು ಪರೀಕ್ಷೆಗೊಡ್ಡಿತ್ತು. ಮೂಗು ಇಂಥದು, ಗಲ್ಲ ಇಂಥದು ಎಂದು ಮುಖವನ್ನು ಬಿಡಿಸಿ ನೋಡುವ ತರಬೇತಿ ಅದು. ತರಬೇತಿ ಪಡೆದವರಿಗೂ ಪಡೆಯದವರಿಗೂ ಹೆಚ್ಚಿನ ಅಂತರವೇ ಕಾಣಲಿಲ್ಲವೆಂದು 1979ರಲ್ಲಿ ವರದಿಯಾಯಿತು. ತರಬೇತಿ ಶಿಬಿರಗಳಲ್ಲಿ ಕಾಲ ಕಳೆದ ನಾವು ಶಿಕ್ಷಕರು ಇದನ್ನು ಓದಿ ನಗಬಹುದು.

ಬ್ರೂಸ್ ನಾಟಿಂಗ್‌ಹ್ಯಾಮ್‌ನಲ್ಲಿ ಉಪನ್ಯಾಸಕಿಯಾಗಿದ್ದಾಗ 1982ರಲ್ಲಿ ಪ್ರಕಟಿಸಿದ ಪ್ರಯೋಗ ನನ್ನ ಪ್ರಶ್ನೆಗೆ ನೇರವಾದ ಉತ್ತರ. ಜನರಿಗೆ ಕೆಲವು ಅಪರಿಚಿತ ಮುಖಗಳ ಚಿತ್ರ ತೋರಿಸಿ, ಆಮೇಲೆ ಬೇರೆ ಮುಖಗಳ ನಡುವೆ ಸೇರಿಸಿ ಗುರುತಿಸಲು ಹೇಳಿದಳು. ಅದೇ ಚಿತ್ರವನ್ನೇ ಮತ್ತೆ ತೋರಿಸಿದರೆ ನೂರಕ್ಕೆ 90ರಷ್ಟು ಸರಿ. ಅದೇ ವ್ಯಕ್ತಿ ತಲೆಯನ್ನು ಕೊಂಚ ತಿರುಗಿಸಿ, ಮುಖಭಾವ ಬದಲಿಸಿದ ಚಿತ್ರವಾದರೆ ನೂರಕ್ಕೆ ಸುಮಾರು 60ಕ್ಕೆ ಇಳಿಯಿತು. ಆದರೆ ಚಿತ್ರದಲ್ಲಿದ್ದವರು ಪರಿಚಯದವರಾದರೆ ತಲೆ ತಿರುಗಿಸಿದರೂ ನಕ್ಕರೂ ಲೆಕ್ಕಕ್ಕಿಲ್ಲ, ಬಹುಮಟ್ಟಿಗೆ ಎಲ್ಲವೂ ಸರಿಯುತ್ತರವೇ.

ಎಂದರೆ, ಅಪರಿಚಿತನಲ್ಲಿ ನಾವು ಗುರುತಿಸುವುದು ಆ ಒಂದು ನೋಟವನ್ನು, ಮುಖವನ್ನಲ್ಲ. ಅಂದಿನ ಬೆಳಕು, ಅಂದಿನ ಕ್ಷೌರ, ಅಂದು ತಲೆ ತಿರುಗಿದ್ದ ಓರೆ. ಪರಿಚಯ ಬೆಳೆದಂತೆ ನೂರು ನೋಟಗಳು ಕೂಡಿ ಒಂದು ಮುಖವಾಗುತ್ತದೆ. ತಾಯಿಯನ್ನು ನಾವು ಕತ್ತಲಲ್ಲಿ, ಹೊಗೆಯಲ್ಲಿ, ಸೆರಗು ಮುಚ್ಚಿದ್ದರೂ ಗುರುತಿಸುತ್ತೇವೆ. ಆ ಸಾಮರ್ಥ್ಯದ ಹೆಮ್ಮೆಯಲ್ಲಿ, ಒಮ್ಮೆ ಕಂಡ ದಾರಿಹೋಕನನ್ನೂ ಹಾಗೆಯೇ ಗುರುತಿಸಬಲ್ಲೆವೆಂದು ನಂಬಿಬಿಡುತ್ತೇವೆ. ಜೂನ್ ತಿಂಗಳಲ್ಲಿ ನನಗೆ ಆ ಇಬ್ಬರೂ ದಾರಿಹೋಕರು. ನವೆಂಬರಿಗೆ ಇಬ್ಬರೂ ನನ್ನ ಮಕ್ಕಳು. ನವೆಂಬರಿನ ಕಣ್ಣು ಜೂನ್ ತಿಂಗಳಿನಲ್ಲಿಯೇ ನನಗಿತ್ತೆಂದು ತಿಳಿದದ್ದು ನನ್ನ ತಪ್ಪು.

ಬ್ರೂಸ್ ಮತ್ತು ಆಕೆಯ ಸಹೋದ್ಯೋಗಿ ಆ್ಯಂಡಿ ಯಂಗ್ ಇವರಿಬ್ಬರೂ ಸೇರಿ ಮುಖ ಗುರುತಿಸುವಿಕೆಯ ಒಟ್ಟು ವ್ಯವಸ್ಥೆಯನ್ನು ವಿವರಿಸುವ ಲೇಖನವನ್ನು ಬರೆದರು. ಅದು ಬಂದದ್ದು ಗೋಪಾಲಸ್ವಾಮಿಯವರು ಬರೆದಿದ್ದ ಅದೇ 'ಬ್ರಿಟಿಷ್ ಜರ್ನಲ್ ಆಫ್ ಸೈಕಾಲಜಿ'ಯಲ್ಲಿ, ವರ್ಷ 1986. ನಾನು ಆ ಹುಡುಗನ ಭುಜ ಹಿಡಿದೆಳೆದ ವರ್ಷ. ಅವರ ಪ್ರಕಾರ ಮೊದಲು ಮುಖ ಪರಿಚಿತವೆನಿಸುತ್ತದೆ. ಅನಂತರ ಆ ವ್ಯಕ್ತಿ ಯಾರು, ಏನು ಎಂಬ ವಿವರಗಳು ತೆರೆಯುತ್ತವೆ. ಹೆಸರು ಬರುವುದು ಎಲ್ಲಕ್ಕಿಂತ ಕೊನೆಗೆ. ಇದಕ್ಕೆ ಹಿಂದಿನ ವರ್ಷ ಯಂಗ್ ಮತ್ತು ಸಂಗಡಿಗರು 22 ಜನರಿಂದ ದಿನಚರಿ ಬರೆಸಿದ್ದರು. ಗುರುತಿಸುವುದರಲ್ಲಿ ಎಡವಿದಾಗಲೆಲ್ಲ ಬರೆದಿಡಬೇಕು. ಸುಮಾರು ಒಂದು ಸಾವಿರ ಎಡವಟ್ಟುಗಳು ಸೇರಿದವು. 'ಯಾರೆಂದು ಚೆನ್ನಾಗಿ ಗೊತ್ತು, ಹೆಸರು ಬರುತ್ತಿಲ್ಲ' ಎಂಬವು ಬೇಕಾದಷ್ಟು. 'ಹೆಸರು ಗೊತ್ತು, ಆದರೆ ಯಾರೆಂದು ತಿಳಿಯದು' ಎಂಬುದು ಒಂದೂ ಇಲ್ಲ. ಮದುವೆ ಮನೆಗಳಲ್ಲಿ "ಸಾರ್, ನನ್ನ ಹೆಸರು ಹೇಳಿ ನೋಡೋಣ" ಎಂದು ನನ್ನನ್ನು ಕಟ್ಟಿಹಾಕುವ ಶಿಷ್ಯರು ದಯವಿಟ್ಟು ಇದನ್ನು ಗಮನಿಸಬೇಕು.

ಕೆಲವರಿಗಂತೂ ಮೊದಲ ಮೆಟ್ಟಿಲೇ ಇರುವುದಿಲ್ಲ. ಮಿದುಳಿಗೆ ಪೆಟ್ಟು ಬಿದ್ದು ಹೆಂಡತಿ ಮಕ್ಕಳ ಮುಖವೂ ಗುರುತು ಸಿಗದಾದ ರೋಗಿಗಳನ್ನು ಜರ್ಮನಿಯ ವೈದ್ಯ ಬೋಡಮರ್ 1947ರಲ್ಲಿ ವರ್ಣಿಸಿ ಆ ಸ್ಥಿತಿಗೊಂದು ಹೆಸರಿಟ್ಟ. ಕನ್ನಡದಲ್ಲಿ ಮುಖಾಂಧತೆ ಎನ್ನಬಹುದು. ಪೆಟ್ಟಿಲ್ಲದೆ ಹುಟ್ಟಿನಿಂದಲೇ ಹೀಗಿರುವವರೂ ಇದ್ದಾರೆ. ಇಂಥ ರೋಗಿಗಳ ಬಗೆಗೆ ಬರೆದು ಪ್ರಸಿದ್ಧರಾದ ವೈದ್ಯ ಆಲಿವರ್ ಸ್ಯಾಕ್ಸ್ ಸ್ವತಃ ಅಂಥವರೇ. ಬೀದಿಯಲ್ಲಿ ಎದುರಾದರೂ ನಮಸ್ಕರಿಸದೆ ಹೋದ ಹುಡುಗರನ್ನು ಉದ್ಧಟರೆಂದು ಬೈದದ್ದಿದೆ. ಅವರಲ್ಲಿ ಒಬ್ಬನಾದರೂ ಹೀಗಿದ್ದಿರಬಹುದೇ?

ಮುಖವನ್ನು ನಾವು ಬಿಡಿಬಿಡಿಯಾಗಿ ನೋಡುವುದಿಲ್ಲ, ಇಡಿಯಾಗಿ ನೋಡುತ್ತೇವೆ ಎಂಬುದಕ್ಕೆ ಮನೆಯಲ್ಲಿಯೇ ಒಂದು ಪರೀಕ್ಷೆ ಮಾಡಬಹುದು. ನಿಮ್ಮ ತರಗತಿಯ ಗುಂಪು ಫೋಟೋವನ್ನು ತಲೆಕೆಳಗಾಗಿ ಹಿಡಿಯಿರಿ. ಮನೆ, ಮರ, ಕುರ್ಚಿ ಗುರುತಾಗುತ್ತವೆ. ಗೆಳೆಯರ ಮುಖಗಳು ಕೈಕೊಡುತ್ತವೆ. ಅಮೆರಿಕದ ರಾಬರ್ಟ್ ಯಿನ್ 1969ರಲ್ಲಿ ಇದನ್ನು ಪ್ರಯೋಗದಿಂದ ತೋರಿಸಿದ. 1980ರಲ್ಲಿ ಯಾರ್ಕ್‌ನ ಪೀಟರ್ ಥಾಂಪ್ಸನ್ ಒಂದು ಹೆಜ್ಜೆ ಮುಂದೆ ಹೋಗಿ, ಪ್ರಧಾನಿ ಮಾರ್ಗರೆಟ್ ಥ್ಯಾಚರರ ಚಿತ್ರದಲ್ಲಿ ಕಣ್ಣು ಬಾಯಿಗಳನ್ನಷ್ಟೇ ಕತ್ತರಿಸಿ ತಿರುವಿ ಅಂಟಿಸಿದ. ಚಿತ್ರ ತಲೆಕೆಳಗಿದ್ದಾಗ ಏನೂ ಕೆಟ್ಟಂತೆ ಕಾಣದು. ನೆಟ್ಟಗೆ ಹಿಡಿದರೆ ರಾಕ್ಷಸಿಯ ಮುಖ!

ಇಷ್ಟು ಹೊತ್ತು ಪರದೇಶ ಸುತ್ತಿದ್ದಾಯಿತು. ಇನ್ನು ಬೆಂಗಳೂರಿಗೆ ಬರೋಣ. ಭಾರತೀಯ ವಿಜ್ಞಾನ ಸಂಸ್ಥೆಯ ನರವಿಜ್ಞಾನ ಕೇಂದ್ರದಲ್ಲಿ ದೃಷ್ಟಿಯ ಬಗೆಗೆ ಸಂಶೋಧನೆ ನಡೆಸುವ ಎಸ್.ಪಿ. ಅರುಣ್ ಎಂಜಿನಿಯರಿಂಗ್ ಓದಿ ಆಮೇಲೆ ಮಿದುಳಿನ ಕಡೆ ತಿರುಗಿದವರು. ಅವರೂ ಹರೀಶ್ ಕಟ್ಟಿಯವರೂ ಸೇರಿ 2019ರಲ್ಲಿ ಪ್ರಕಟಿಸಿದ ಅಧ್ಯಯನದ ಶೀರ್ಷಿಕೆಯೇ ಒಂದು ಪ್ರಶ್ನೆ: ನೀವು ಉತ್ತರ ಭಾರತದವರೋ, ದಕ್ಷಿಣ ಭಾರತದವರೋ? ನಾವೆಲ್ಲರೂ ರೈಲಿನಲ್ಲಿ ಎದುರು ಸೀಟಿನವರನ್ನು ನೋಡಿ ಮನಸ್ಸಿನಲ್ಲಿ ಕೇಳಿಕೊಳ್ಳುವ ಪ್ರಶ್ನೆ ಅದು. ಭಾರತೀಯರದೇ ಸುಮಾರು 1650 ಮುಖಗಳನ್ನು ಸಂಗ್ರಹಿಸಿ, ನೂರಕ್ಕೂ ಹೆಚ್ಚು ಜನರಿಗೆ ತೋರಿಸಿ ಉತ್ತರ ಪಡೆದರು. ನಾಣ್ಯ ಚಿಮ್ಮಿ ಹೇಳುವುದಕ್ಕಿಂತ ಮೇಲು, ಆದರೆ ನಮಗಿರುವ ಭರವಸೆಗೆ ಹೋಲಿಸಿದರೆ ಬಹಳ ಕಡಿಮೆ ಎಂಬಷ್ಟು ಸರಿಯುತ್ತರಗಳು ಬಂದವು. ಕೆಲವು ಮುಖಗಳನ್ನು ಎಲ್ಲರೂ ಸರಿಯಾಗಿ ಹೇಳಿದರು; ಕೆಲವನ್ನು ಬಹುಪಾಲು ಜನ ಒಟ್ಟಾಗಿ ತಪ್ಪು ಹೇಳಿದರು. ಎಲ್ಲರೂ ಒಟ್ಟಾಗಿ ತಪ್ಪು ಹೇಳುವುದೆಂದರೆ ಅದನ್ನು ತಪ್ಪೆಂದು ತಿಳಿಯುವುದೇ ಕಷ್ಟವಲ್ಲವೇ? ಹೆಚ್ಚು ಸುಳಿವು ಕೊಡುವುದು ಕಣ್ಣಲ್ಲ, ಮೂಗಂತೂ ಅಲ್ಲ, ಬಾಯಿಯ ಆಕಾರ ಎಂಬುದು ಕಂಡುಬಂತು. ಬಾಯಿಯನ್ನು ಮುಚ್ಚಿದರೆ ನೋಡುವವರು ಹೆಚ್ಚು ಎಡವಿದರು. ಮೂಗಿನ ಮೇಲೆ ಇಷ್ಟು ದೊಡ್ಡ ಗೋಪುರ ಕಟ್ಟಿದ ರಿಸ್ಲಿ ಸಾಹೇಬನಿಗೆ ಇದನ್ನು ಓದಿ ಹೇಳಬೇಕೆನಿಸಿತು.

ಕಂಪ್ಯೂಟರುಗಳಿಗೂ ಇದೇ ಪರೀಕ್ಷೆ ಕೊಟ್ಟರು. ಒಟ್ಟು ಅಂಕದಲ್ಲಿ ಅವು ಮನುಷ್ಯರ ಸಮಕ್ಕೆ ಬಂದವು, ಆದರೆ ಮನುಷ್ಯ ತಪ್ಪಿದ ಕಡೆಯೇ ಅವು ತಪ್ಪಲಿಲ್ಲ. ಒಂದೇ ಅಂಕ ಪಡೆದ ಇಬ್ಬರು ಹುಡುಗರ ಉತ್ತರಪತ್ರಿಕೆಗಳು ಬೇರೆ ಬೇರೆಯಾಗಿರುವಂತೆ. ಇದೇ ಗುಂಪಿನವರು, ಜಾರ್ಜಿನ್ ಜೇಕಬ್ ಮತ್ತು ಆರ್.ಟಿ. ಪ್ರಮೋದ್ ಅವರ ಜೊತೆಗೂಡಿ, 2021ರಲ್ಲಿ ಥಾಂಪ್ಸನ್ನನ ಆ ಹಳೆಯ ಥ್ಯಾಚರ್ ಆಟವನ್ನೂ ಯಂತ್ರಗಳ ಮೇಲೆ ಪ್ರಯೋಗಿಸಿದರು. ನೆಟ್ಟಗಿನ ಮುಖಗಳನ್ನೇ ನೋಡಿ ಕಲಿತ ಯಂತ್ರ ನಮ್ಮಂತೆಯೇ ಮೋಸಹೋಯಿತು; ಬೇರೆ ವಸ್ತುಗಳನ್ನು ನೋಡಿ ಕಲಿತದ್ದು ಅಷ್ಟಾಗಿ ಹೋಗಲಿಲ್ಲ. ಕಲಿತದ್ದರಿಂದಲೇ ಮೋಸವೂ ಬರುತ್ತದೆ ಎಂದಾಯಿತು. ಅಂದ ಹಾಗೆ, ಧಾರವಾಡದ ಕಡೆಯವರು ನಮ್ಮನ್ನು ಮೈಸೂರಿನವರೆನ್ನುತ್ತಾರೆ, ಮೈಸೂರಿನವರು ಹುಬ್ಬಳ್ಳಿಯ ಕಡೆಯವರೆನ್ನುತ್ತಾರೆ. ದಾವಣಗೆರೆ ಹರಿಹರದವರ ಮುಖಗಳನ್ನು ಆ ಪರೀಕ್ಷೆಗೆ ಕೊಟ್ಟರೆ ಯಂತ್ರ ಏನೆಂದೀತೋ!

ಅನುಭವದಿಂದ ಕಣ್ಣು ಪಳಗುತ್ತದೆಯಲ್ಲವೇ ಎಂದು ನೀವು ಕೇಳಬಹುದು. ಆಸ್ಟ್ರೇಲಿಯಾದಲ್ಲಿ ಪಾಸ್‌ಪೋರ್ಟ್ ಅಧಿಕಾರಿಗಳನ್ನು ಪರೀಕ್ಷಿಸಿ 2014ರಲ್ಲಿ ವರದಿ ಮಾಡಿದರು. ಎದುರಿಗೆ ನಿಂತ ಮನುಷ್ಯನ ಚಿತ್ರವಲ್ಲದ ಚಿತ್ರವನ್ನು ತೋರಿಸಿದಾಗ ನೂರಕ್ಕೆ 14 ಸಲ ಅವನದೇ ಎಂದು ಒಪ್ಪಿದರು. ಹತ್ತಾರು ವರ್ಷ ಸೇವೆ ಮಾಡಿದವರಿಗೂ ಹೊಸಬರಿಗೂ ಭೇದವಿರಲಿಲ್ಲ. ಎಸ್.ಎಸ್.ಎಲ್.ಸಿ. ಪರೀಕ್ಷೆಯ ಕೊಠಡಿಗಳಲ್ಲಿ ಪ್ರವೇಶಪತ್ರದ ಬೆರಳಗಲದ ಚಿತ್ರವನ್ನು ಎತ್ತಿ ಹಿಡಿದು, ಬೇರೆ ಶಾಲೆಯ ಮಕ್ಕಳ ಮುಖದ ಜೊತೆ ಹೋಲಿಸಿ ಎಷ್ಟು ಗಾಂಭೀರ್ಯದಿಂದ ರುಜು ಹಾಕಿದ್ದೇನೆ! ಇಂದು ನಮ್ಮ ನ್ಯಾಯಾಲಯಗಳಲ್ಲಿ ಗುರುತು ಪತ್ತೆ ಪರೇಡಿಗೆ ಇರುವ ಬೆಲೆಯನ್ನು ನೆನೆದರೆ, ಹಾಗೂ ಗುರುತಿಸುವ ಸಾಕ್ಷಿ ಎಷ್ಟೋ ಸಲ ಆರೋಪಿಯನ್ನು ಒಮ್ಮೆ ಮಾತ್ರ, ಕತ್ತಲಲ್ಲಿ, ಹೆದರಿಕೆಯಲ್ಲಿ ಕಂಡವನಾಗಿರುತ್ತಾನೆಂಬುದನ್ನು ನೆನೆದರೆ, ನಾನು ಮುರಿದ ಬೆತ್ತ ಚಿಕ್ಕದೆನಿಸುತ್ತದೆ. ಚಿಕ್ಕದೆನಿಸಿದರೆ ಹಗುರವಾಯಿತೆಂದು ಅರ್ಥವಲ್ಲ.

ಆ ಸಂಜೆಗೆ ಮರಳುತ್ತೇನೆ. ಕಾಫಿ ಬಂತು. ಆತ ಹರಿಹರದಲ್ಲಿ ಸ್ವಂತ ಲಾರಿ ಇಟ್ಟುಕೊಂಡಿದ್ದಾನೆ, ಮಗಳು ದಾವಣಗೆರೆಯಲ್ಲಿ ಎಂಜಿನಿಯರಿಂಗ್ ಓದುತ್ತಿದ್ದಾಳೆ. ಅವಳ ಮದುವೆಯ ಮಾತುಕತೆಗೆ ಈ ಕಡೆ ಬಂದವನು ನನ್ನ ಮನೆ ಹುಡುಕಿಕೊಂಡು ಬಂದಿದ್ದ. ಮಾತಿನ ನಡುವೆ, ಈಗಲಾದರೂ ಹೇಳಬೇಕೆಂದು, ಭೂತಗನ್ನಡಿಯ ಪ್ರಸ್ತಾಪವನ್ನೆತ್ತಿದೆ. ಅಂದು ನಾನು ಕಂಡದ್ದು ನಿನ್ನನ್ನಲ್ಲ, ತಪ್ಪಾಯಿತು ಎಂದೆ. ಮೇಲೆ ಬರೆದ ಬ್ರೂಸ್, ಡೆವ್ಲಿನ್ ಯಾರನ್ನೂ ನಡುವೆ ತರಲಿಲ್ಲ. ಆತ ಲೋಟವನ್ನು ಕೆಳಗಿಟ್ಟ.

"ಯಾರು ತಗೊಂಡಿದ್ದು ಅಂತ ನಂಗೆ ಅವತ್ತೇ ಗೊತ್ತಿತ್ತು ಸಾರ್" ಎಂದ.

"ಮತ್ತೆ ಹೇಳಲಿಲ್ಲವಲ್ಲೋ?"

"ನೀವು ಕಣ್ಣಾರೆ ನೋಡೀನಿ ಅಂದ್ರಲ್ಲ ಸಾರ್."

ಒಳಗೆ ಹೋಗಿ ಆ ವರ್ಷದ ಗುಂಪು ಫೋಟೋ ತಂದು ಕೊಟ್ಟೆ. ಅದರಲ್ಲಿ ಆತನಿಲ್ಲ, ಆಗ ಕುರಿಯ ಹಿಂದೆ ಇದ್ದ. ಕನ್ನಡಕ ಹಾಕಿಕೊಂಡು ಮೊದಲ ಸಾಲಿನಿಂದ ಬೆರಳಿಟ್ಟು ಒಬ್ಬೊಬ್ಬರ ಹೆಸರನ್ನೂ ಹೇಳುತ್ತ ಬಂದ. ನನಗೆ ಬಾರದ ಹೆಸರುಗಳೆಲ್ಲ ಅವನಿಗೆ ಬಂದವು. ಮೂರನೆಯ ಸಾಲಿನಲ್ಲಿ ಉದ್ದ ಮುಖದ, ಕೂಡಿದ ಹುಬ್ಬಿನ ಹುಡುಗನ ಬಳಿ ಬೆರಳು ಒಂದು ಕ್ಷಣ ನಿಂತಿತು. ಅವನ ಹೆಸರನ್ನು ಹೇಳಲಿಲ್ಲ. ಪಕ್ಕದವನ ಹೆಸರು ಹೇಳಿ ಮುಂದಕ್ಕೆ ಹೋದ.